ಬೂದು ಮೊದಲು, ಕೆಂಪು ಆಮೇಲೆ: ಗದುಗಿನ ಮಾಳಿಗೆ ಮನೆಯ ನಡುಮನೆಗೆ ಬಣ್ಣ ಬಳಿದದ್ದು

ನಮ್ಮದು ಗದಗ-ಬೆಟಗೇರಿಯ ಹಳೆಯ ಓಣಿಯಲ್ಲಿರುವ ಮಾಳಿಗೆ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಸಾಲಾಗಿ ಕೂಡಿಸಿದ ಜಂತಿ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಇವೆರಡರ ನಡುವೆ ಕಿಟಕಿಯೇ ಇಲ್ಲದ ನಡುಮನೆ. ಆ ಕೋಣೆಗೆ ಹಗಲು ಇಳಿಯುವುದು ಒಂದೇ ಬೆಳಕಿಂಡಿಯಿಂದ. ಅದರ ಅಗಲ ಒಂದು ಅಡಿ, ಉದ್ದ ಒಂದು ಅಡಿ, ಮೇಲೆ ಗಾಜು.

ಕತ್ತಲೆ ಕೋಣೆಗೆ ಬಿಳಿ ಬಳಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾವೂ ಬಳಿದೆವು. ನನಗೆ ನೆನಪಿರುವಂತೆಯೇ ನಾಲ್ಕು ಸಲ. ಬಿಳಿ ಬಣ್ಣಕ್ಕೆ ಸ್ವಂತ ಬೆಳಕಿಲ್ಲ; ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಕೊಡುವುದಷ್ಟೇ ಅದರ ಕೆಲಸ. ಬೀಳುವ ಬೆಳಕೇ ಇಲ್ಲದಿದ್ದಾಗ ಅದು ಏನನ್ನು ಕೊಡಬೇಕು? ಬಳಿದ ತಿಂಗಳೊಳಗೆ ಗೋಡೆಗಳು ಒಲೆಯ ಬೂದಿಯಂತೆ ಕಾಣತೊಡಗುತ್ತಿದ್ದವು. ಆದರೆ ನಡುಮನೆ ನಮ್ಮ ಮನೆಯ ಜೀವ. ರಾತ್ರಿ ಊಟ ಅಲ್ಲಿ, ಮಗಳ ಓದು ಅಲ್ಲಿ, ಬೇಸಿಗೆಯ ಮಧ್ಯಾಹ್ನ ಎಲ್ಲರೂ ಮೈ ಚಾಚುವುದು ಅಲ್ಲಿ. ಕತ್ತಲೆಯೇ ಆ ಕೋಣೆಯ ಗುಣವಾಗಿದ್ದರೆ ಅದಕ್ಕೆ ಒಪ್ಪುವ ಬಣ್ಣ ಕೊಡೋಣ ಎಂದು ಕಳೆದ ದೀಪಾವಳಿಯಲ್ಲಿ ನಿರ್ಧರಿಸಿದೆ. ಗಾಢವಾದ, ಕಪ್ಪಿಗೆ ಹತ್ತಿರದ ಕೆಂಪು. ಅವ್ವ ಒಂದೇ ಮಾತು ಹೇಳಿದಳು: "ನೋಡಪ್ಪಾ, ನನ್ನ ಕಣ್ಣಿಗೆ ಮೊದಲೇ ಮಬ್ಬು. ಅಲ್ಲಿ ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಇರಬೇಕು." ಈ ಕೆಲಸಕ್ಕೆ ಆ ಮಾತೇ ಅಳತೆಗೋಲಾಯಿತು.

ಕೋಣೆಯ ಲೆಕ್ಕ ಹೀಗಿದೆ. ಉದ್ದ 13 ಅಡಿ, ಅಗಲ 11 ಅಡಿ, ಎತ್ತರ 10 ಅಡಿ. ಜಂತಿಯ ಕೆಳಗೆ ಒಂದೂವರೆ ಅಡಿ ಬಿಳಿಯ ಪಟ್ಟಿ ಉಳಿಸುವುದು, ನೆಲದಿಂದ ಒಂದು ಅಡಿ ಬೇರೆ ಬಗೆ (ಅದರ ಕಥೆ ಮುಂದಿದೆ), ನಡುವಿನ ಏಳೂವರೆ ಅಡಿ ಕೆಂಪು. ಎರಡು ಬಾಗಿಲುಗಳನ್ನು ಕಳೆದರೆ ಕೆಂಪಿನ ಪಾಲಿಗೆ ಸುಮಾರು 320 ಚದರ ಅಡಿ ಬಂತು.

ಡಿಸೆಂಬರ್: ಗೋಡೆಯ ಕೆಲಸ

ಗೋಡೆಯ ಮೇಲೆ ಅಂಗೈ ಒರೆಸಿದೆ. ಕೈಯೆಲ್ಲ ಬಿಳಿ. ಅಜ್ಜನ ಕಾಲದ ಸುಣ್ಣ, ಅದರ ಮೇಲೆ ಅಪ್ಪನ ಕಾಲದ ಡಿಸ್ಟೆಂಪರ್, ಅದರ ಮೇಲೆ ನಾನು ಹೊಡೆಸಿದ ಅಗ್ಗದ ಬಿಳಿ. ಕೈಗೆ ಹತ್ತುವ ಸುಣ್ಣದ ಮೇಲೆ ಇಮಲ್ಷನ್ (ನೀರಿನಲ್ಲಿ ಬೆರೆಯುವ ಪ್ಲಾಸ್ಟಿಕ್ ಬಣ್ಣ) ಬಳಿದರೆ ಬಣ್ಣ ಹಿಡಿಯುವುದು ಗೋಡೆಯನ್ನಲ್ಲ, ಆ ಪುಡಿಯನ್ನು. ಒಂದು ಮಳೆಗಾಲ ಕಳೆದರೆ ಹಪ್ಪಳದಂತೆ ಎದ್ದು ಬರುತ್ತದೆ. ತಿಳಿ ಬಣ್ಣ ಎದ್ದರೆ ಕಣ್ಣು ಹೇಗೋ ಸಹಿಸಿಕೊಳ್ಳುತ್ತದೆ. ಕೆಂಪಿನ ನಡುವೆ ಬಿಳಿಯ ಚಕ್ಕೆ ಎದ್ದರೆ ಅದು ಗಾಯ. ಆದ್ದರಿಂದ ನಾಲ್ಕು ಭಾನುವಾರ ಕೆರೆಯುವ ಪಟ್ಟಿ ಹಿಡಿದು ಗಟ್ಟಿ ಗಿಲಾವು ಸಿಗುವ ತನಕ ಕೆರೆದೆ. ನೀರು ಚಿಮುಕಿಸಿಕೊಂಡು ಕೆರೆದರೆ ಧೂಳು ಕಡಿಮೆ. ಪದರವೂ ಮೆತ್ತಗಾಗಿ ಬೇಗ ಬಿಡುತ್ತದೆ.

ಬಾಗಿಲಿನ ಚೌಕಟ್ಟಿನ ಮೇಲಿದ್ದ ಹಳೆಯ ಹಸಿರು ಎನಾಮೆಲ್ ಬಣ್ಣವನ್ನು ಮಾತ್ರ ಒಣದಾಗಿ ಉಜ್ಜಲಿಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮೆಲ್‌ನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇರುವ ಸಾಧ್ಯತೆ ಹೆಚ್ಚು. ಮುಖಕ್ಕೆ ಮಾಸ್ಕ್, ಒದ್ದೆ ಪಾಲಿಶ್ ಪೇಪರ್, ಕೆಳಗೆ ಪ್ಲಾಸ್ಟಿಕ್ ಹಾಳೆ. ಮಗಳನ್ನು ಆ ಎರಡು ದಿನ ಅತ್ತೆಯ ಮನೆಗೆ ಕಳಿಸಿದ್ದೆವು. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಪಶ್ಚಿಮದ ಗೋಡೆಯ ಆಚೆ ಬಚ್ಚಲು. ಆ ಗೋಡೆಯ ಕೆಳಗಿನ ಎರಡೂವರೆ ಅಡಿಯಲ್ಲಿ ಉಪ್ಪು ಅರಳಿತ್ತು. ಬೆರಳಿನಿಂದ ಮುಟ್ಟಿದರೆ ಹತ್ತಿಯಂಥ ಬಿಳಿಯ ನವಿರು ಎಳೆಗಳು, ನಾಲಿಗೆಗೆ ಇಟ್ಟರೆ ಉಪ್ಪುಪ್ಪು. ಗೋಡೆಯೊಳಗಿನ ನೀರು ತನ್ನೊಂದಿಗೆ ಲವಣವನ್ನು ಹೊತ್ತು ಹೊರಗೆ ಬಂದು, ನೀರು ಆರಿಹೋಗಿ ಲವಣ ಉಳಿದಾಗ ಹೀಗಾಗುತ್ತದೆ. ಹಿಂದೆ ಒಮ್ಮೆ ಇದೇ ಜಾಗಕ್ಕೆ ಸಿಮೆಂಟ್ ಮೆತ್ತಿಸಿದ್ದೆವು. ಅದು ತಪ್ಪಾಗಿತ್ತು. ಸಿಮೆಂಟು ನೀರನ್ನು ನಿಲ್ಲಿಸಲಿಲ್ಲ. ಆರಲು ದಾರಿ ಕೊಡದೆ ಇನ್ನೂ ಮೇಲಕ್ಕೆ ತಳ್ಳಿತು. ಅಂದು ಒಂದಡಿ ಇದ್ದ ತೇವ ಎರಡೂವರೆ ಅಡಿಗೆ ಏರಿದ್ದು ಹಾಗೆ.

ಬಚ್ಚಲಿನ ಕಡೆ ನೆಲ ಒಡೆದು ನೋಡಿದರೆ ಪೈಪಿನ ಜೋಡಣೆಯೊಂದರಲ್ಲಿ ಹನಿ ಹನಿ ಸೋರಿಕೆ. ಅದನ್ನು ಸರಿಪಡಿಸಿದೆವು. ಒಳಗಿನ ಸಿಮೆಂಟನ್ನು ಪೂರ್ತಿ ಕೆತ್ತಿ ತೆಗೆದು, ಉಪ್ಪನ್ನು ಒಣ ಬ್ರಷ್‌ನಿಂದ ಉದುರಿಸಿ (ತೊಳೆಯಬಾರದು, ತೊಳೆದರೆ ಮತ್ತೆ ಒಳಗೆ ಇಳಿಯುತ್ತದೆ), ಸುಣ್ಣ ಮರಳಿನ ಗಚ್ಚು ಹಚ್ಚಿದೆವು. ಗಚ್ಚು ಕಲಸಲು ಬೋರ್‌ವೆಲ್ ನೀರು ಬಳಸಲಿಲ್ಲ. ನಮ್ಮ ಬೋರ್‌ವೆಲ್ ನೀರು ಸವಳು. ಕೊಡದ ತಳದಲ್ಲಿ ಬಿಳಿ ಕಟ್ಟುತ್ತದೆ. ಉಪ್ಪನ್ನು ಹೊರಹಾಕಿದ ಗೋಡೆಗೆ ಮತ್ತೆ ಉಪ್ಪು ಕುಡಿಸುವುದು ಬೇಡ ಎಂದು ಕುಡಿಯುವ ನೀರನ್ನೇ ಕೊಟ್ಟೆ.

ಆಮೇಲೆ ಎಂಟು ವಾರ ಏನೂ ಮಾಡಲಿಲ್ಲ. ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ್ದು ಇದೇ. ಸುಣ್ಣದ ಗಚ್ಚು ಸಿಮೆಂಟಿನಂತೆ ಅವಸರಕ್ಕೆ ಒದಗುವುದಿಲ್ಲ; ಗಾಳಿಯನ್ನು ಹೀರುತ್ತ ನಿಧಾನವಾಗಿ ಗಟ್ಟಿಯಾಗುತ್ತದೆ. ಫೆಬ್ರವರಿ ನಡುವೆ ಪರೀಕ್ಷೆ ಮಾಡಿದೆ. ಒಂದೂವರೆ ಅಡಿ ಅಳತೆಯ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ ಗೋಡೆ ಇನ್ನೂ ಹಸಿ. ನೆಲಕ್ಕೆ ತಾಗಿಸಿ ಹಾಕಿದ ಹಾಳೆಯ ಕೆಳಗಿನ ಒಂದು ಅಡಿಯಲ್ಲಿ ಸಣ್ಣ ಮಬ್ಬು ಇತ್ತು. ಅದರ ಮೇಲಿನ ಹಾಳೆಗಳು ಒಣಗಿದ್ದವು. ಕೆಳಗಿನ ಒಂದಡಿಗೆ ಇಮಲ್ಷನ್ ಬೇಡ ಎಂದು ಅಂದೇ ತೀರ್ಮಾನವಾಯಿತು. ಆ ಪಟ್ಟಿ ಉಸಿರಾಡಲಿ.

ಇನ್ನೊಂದು ತೊಂದರೆ ಬಾಗಿಲಿನ ಮೂಲೆಯಿಂದ ಓರೆಯಾಗಿ ಏರಿದ ಬಿರುಕು. ನಮ್ಮ ಕಡೆ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ಗೋಡೆಗಳೂ ಅದರ ತಾಳಕ್ಕೆ ಕುಣಿಯುತ್ತವೆ. ಇಂಥ ಬಿರುಕಿಗೆ ಪುಟ್ಟಿ ತುಂಬಿದರೆ ಮುಂದಿನ ಏಪ್ರಿಲ್‌ನಲ್ಲಿ ಅದೇ ಗೆರೆ ಹಾಗೆಯೇ ಮೂಡುತ್ತದೆ. ಬಿರುಕನ್ನು ಇಂಗ್ಲಿಷಿನ ವಿ ಅಕ್ಷರದಂತೆ ಅಗಲ ಮಾಡಿ, ಧೂಳು ಊದಿ, ಒಣಗಿದ ಮೇಲೂ ಎಳೆದಾಡುವ ಅಕ್ರಿಲಿಕ್ ಬಿರುಕು ತುಂಬುವ ಪೇಸ್ಟನ್ನು ತುಂಬಿದೆ. ಮೇಲೆ ಜಾಳಿಗೆಯ ಟೇಪು, ಅದರ ಮೇಲೆ ತೆಳುವಾಗಿ ಪುಟ್ಟಿ. ಬಿರುಕು ತುಂಬುವುದು ಬೇಸಿಗೆಯ ಬಾಯಲ್ಲಿ, ಅದು ಅಗಲವಾಗಿರುವಾಗಲೇ ಆಗಬೇಕು. ಮಳೆಗಾಲದಲ್ಲಿ ತುಂಬಿದರೆ ಬೇಸಿಗೆಗೆ ಸಾಲುವುದಿಲ್ಲ.

ಪುಟ್ಟಿಯ ಕೆಲಸ ಎಲ್ಲರ ಮನೆಯಂತೆಯೇ. ಎರಡು ಕೈ, 120ರ ಪೇಪರ್, ಕೊನೆಗೆ 220. ಒಂದು ವಿಷಯ ಮಾತ್ರ ಹೇಳಬೇಕು. ಉಜ್ಜುವಾಗ ಮೊಬೈಲಿನ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ನಯವಾಗಿ ಕಂಡ ಗೋಡೆ ಓರೆ ಬೆಳಕಿನಲ್ಲಿ ಉಳುಮೆ ಮಾಡಿದ ಹೊಲದಂತೆ ಕಾಣುತ್ತದೆ. ಗಾಢ ಬಣ್ಣ ಆ ಏರುಪೇರುಗಳನ್ನೆಲ್ಲ ಎತ್ತಿ ತೋರಿಸುತ್ತದೆ.

ಯಾವ ಕೆಂಪು?

ಗಚ್ಚು ಒಣಗುವ ಎಂಟು ವಾರ ನಾನು ಬಣ್ಣ ಹುಡುಕಿದೆ. ಜನವರಿಯಿಂದ ಮಾರ್ಚ್ ತನಕ ನಮ್ಮಲ್ಲಿ ಹೊಸ ಮೆಣಸಿನಕಾಯಿಯ ಕಾಲ. ವರ್ಷದ ಖಾರಕ್ಕೆ ಅವ್ವ ಬ್ಯಾಡಗಿ ಮೆಣಸಿನಕಾಯಿಯನ್ನೇ ತರಿಸುತ್ತಾಳೆ. ಹಾವೇರಿ ಜಿಲ್ಲೆಯ ಆ ಪೇಟೆಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಖಾರ ಕಡಿಮೆ, ಬಣ್ಣ ಹೆಚ್ಚು. ಚೀಲದಿಂದ ಸುರಿದ ರಾಶಿಯಲ್ಲಿ ಒಂದು ಕಡ್ಡಿ ಕಾಯನ್ನು ಎತ್ತಿಕೊಂಡು ಬೆಳಕಿಂಡಿಯ ಕೆಳಗೆ ಹಿಡಿದು ನೋಡಿದೆ. ಮಡಿಕೆಯ ಉಬ್ಬಿನಲ್ಲಿ ಕೆಂಪು ಕೆಂಡದಂತೆ, ಮಡಿಕೆಯ ತಗ್ಗಿನಲ್ಲಿ ಹೆಚ್ಚುಕಡಿಮೆ ಕಪ್ಪು. ತೊಟ್ಟಿನ ಹತ್ತಿರ ತುಸು ಕಂದು. ನನಗೆ ಬೇಕಾದ ಬಣ್ಣ ತಗ್ಗಿಗೂ ಉಬ್ಬಿಗೂ ನಡುವೆ ಇತ್ತು.

ಬಣ್ಣದ ಅಂಗಡಿಯಲ್ಲಿ ಅಳೆಯುವ ಯಂತ್ರವಿದೆ; ವಸ್ತುವಿನ ಮೇಲೆ ಇಟ್ಟರೆ ಬಣ್ಣವನ್ನು ಓದುತ್ತದೆ. ಆದರೆ ಅದಕ್ಕೆ ಸಪಾಟಾದ ಮೈ ಬೇಕು. ಸುಕ್ಕುಗಟ್ಟಿದ ಕಾಯಿಯನ್ನು ಅದು ಪ್ರತಿ ಸಲವೂ ಬೇರೆ ಬೇರೆಯಾಗಿ ಓದಿತು. ಮರುದಿನ ಅವ್ವನ ಇಳಕಲ್ ಸೀರೆಯ ಟೋಪು ತೆನಿ ಸೆರಗನ್ನು ಒಯ್ದೆ. ರೇಷ್ಮೆಗೆ ಹೊಳಪಿದೆ, ತಿರುಗಿಸಿದಂತೆ ಕೆಂಪು ಬದಲಾಗುತ್ತದೆ, ಅದೂ ಆಗಲಿಲ್ಲ. ಕೊನೆಗೆ ಬಣ್ಣದ ಪಟ್ಟಿಗಳ ಪುಸ್ತಕವನ್ನೇ ಎರಡು ದಿನಕ್ಕೆ ಕೇಳಿ ತಂದು, ನಡುಮನೆಯಲ್ಲೇ ಮೆಣಸಿನಕಾಯಿಯ ಪಕ್ಕದಲ್ಲಿ ಇಟ್ಟು ಕಣ್ಣಿನಿಂದ ಹೊಂದಿಸಿದೆ.

ನಾಲ್ಕು ಉಳಿದವು. ಒಂದು ದಾಳಿಂಬೆ ಕೆಂಪು, ನೀಲಿಯ ಕಡೆ ವಾಲಿದ್ದು; ರಾತ್ರಿ ನೇರಳೆಯಾಗಿ ಕಂಡಿತು. ಎರಡನೆಯದು ಇಟ್ಟಿಗೆಯ ಕೆಂಪು, ಹಗಲು ಚೆಂದ, ರಾತ್ರಿ ಬರೀ ಕಂದು. ಮೂರನೆಯದು ಕುಂಕುಮಕ್ಕೆ ಹತ್ತಿರ. ಅದನ್ನು ನೋಡಿ ಹೆಂಡತಿ, "ಇದು ಗೋಡೆಗಲ್ಲ, ಹಣೆಗೆ" ಎಂದಳು. ಸರಿಯಾದ ಮಾತು. ಅಂಗೈಯಗಲದ ಪಟ್ಟಿಯಲ್ಲಿ ಹಿತವಾಗಿ ಕಂಡ ಕೆಂಪು ನಾಲ್ಕು ಗೋಡೆಯ ಮೇಲೆ ಕೂತಾಗ ದುಪ್ಪಟ್ಟು ಉಗ್ರವಾಗುತ್ತದೆ. ಒಂದು ಗೋಡೆಯ ಬಣ್ಣ ಎದುರಿನ ಗೋಡೆಗೆ ಬಿದ್ದು, ಅದು ಮತ್ತೆ ಇದಕ್ಕೆ ಬಿದ್ದು, ಒಂದನ್ನೊಂದು ಕೆಂಪಾಗಿಸುತ್ತವೆ. ಆದ್ದರಿಂದ ಮನಸ್ಸಿಗೆ ಒಪ್ಪಿದ ಕೆಂಪಿಗಿಂತ ಒಂದು ಮೆಟ್ಟಿಲು ಮಣ್ಣಿನ ಕಡೆಗೆ ಇರುವುದನ್ನು ಆರಿಸಬೇಕು. ನಾಲ್ಕನೆಯದು ಅಂಥದ್ದು. ಎರಡಡಿ ಅಳತೆಯ ದಪ್ಪ ರಟ್ಟಿಗೆ ಬಳಿದು, ಒಂದು ವಾರ ಕೋಣೆಯ ನಾಲ್ಕೂ ಕಡೆ ಸರಿಸುತ್ತ, ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿದೆವು. ಅದನ್ನೇ ಒಪ್ಪಿದೆವು.

ಅದನ್ನು ಒಪ್ಪಲು ಇನ್ನೊಂದು ಕಾರಣವಿತ್ತು. ಮೆಣಸಿನಕಾಯಿಯ ಕೆಂಪು ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯದ್ದು. ಬಿಸಿಲಿಗೆ, ಗಾಳಿಗೆ ಅದು ಕರಗುತ್ತದೆ; ಹೋದ ವರ್ಷದ ಕಾಯಿ ಮಂಕಾಗುವುದು ಅದಕ್ಕೇ. ಕಬ್ಬಿಣದ ಆಕ್ಸೈಡಿನ ಕೆಂಪು ಹಾಗಲ್ಲ. ನಮ್ಮ ಕಪ್ಪತಗುಡ್ಡದ ಮಣ್ಣನ್ನು ಕೆಂಪಾಗಿಸಿದ್ದೂ ಅದೇ, ಹಳೆಯ ಮನೆಗಳ ಕೆಂಪು ನೆಲದಲ್ಲಿರುವುದೂ ಅದೇ, ಹೊಸ್ತಿಲಿಗೆ ಬಳಿಯುವ ಹುರಮಂಜೂ ಅದೇ. ಅದು ಬಿಸಿಲಿಗೂ ಸುಣ್ಣಕ್ಕೂ ಜಗ್ಗದು, ಹಿಂದಿನದನ್ನು ಚೆನ್ನಾಗಿ ಮುಚ್ಚುತ್ತದೆ. ಕಡು ಕೆಂಪುಗಳಲ್ಲಿ ಮಣ್ಣಿನ ಕಡೆಗಿರುವವಕ್ಕೆ ಆಕ್ಸೈಡಿನ ಪಾಲು ಹೆಚ್ಚು ಬೀಳುತ್ತದೆ ಎಂದು ಅಂಗಡಿಯವರು ಯಂತ್ರದ ಪರದೆಯಲ್ಲೇ ತೋರಿಸಿದರು.

ಬೂದು

ನಮ್ಮ ಓಣಿಯಲ್ಲಿ ನಲವತ್ತು ವರ್ಷ ಪೇಂಟಿಂಗ್ ಮಾಡಿ ಈಗ ಮನೆಯಲ್ಲಿರುವ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ಚಾಚಾ. ಡಬ್ಬಿ ತಂದ ದಿನ ಬಂದು ನೋಡಿದರು. ಮುಚ್ಚಳ ತೆಗೆದು, ಕಡ್ಡಿಯಲ್ಲಿ ಎತ್ತಿ ಹರಿಯಬಿಟ್ಟು, "ಮಾಸ್ತರೇ, ಇದರ ಹೊಟ್ಟೆಯಲ್ಲಿ ಬಿಳಿ ಇಲ್ಲ. ಕೆಳಗೆ ಬೂದು ಕೊಡಿ" ಎಂದರು.

ಹೊಟ್ಟೆಯಲ್ಲಿ ಬಿಳಿ ಇಲ್ಲ ಎಂಬ ಮಾತಿನಲ್ಲಿ ಇಡೀ ವಿಷಯವಿದೆ. ತಿಳಿ ಬಣ್ಣಗಳನ್ನು ಬೆರೆಸುವ ಮೂಲ ಡಬ್ಬಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ತುಂಬಿರುತ್ತದೆ. ಆ ಬಿಳಿಯೇ ಗೋಡೆಯನ್ನು ಮುಚ್ಚುವುದು. ಗಾಢ ಕೆಂಪನ್ನು ಅಂಥ ಡಬ್ಬಿಯಲ್ಲಿ ಬೆರೆಸಿದರೆ ಗುಲಾಬಿಯಾಗುತ್ತದೆ. ಆದ್ದರಿಂದ ಬಿಳಿ ಇಲ್ಲದ, ಹಾಲಿಗಿಂತ ಗಂಜಿಯಂತೆ ಕಾಣುವ ಬೇರೆ ಮೂಲದಲ್ಲಿ ಬೆರೆಸುತ್ತಾರೆ. ಬಣ್ಣ ಕಡುವಾಗಿ ಬರುತ್ತದೆ, ಆದರೆ ಪದರ ಬಣ್ಣದ ಗಾಜಿನಂತೆ. ಕೆಳಗಿರುವುದು ಮೇಲೆ ಇಣುಕುತ್ತಲೇ ಇರುತ್ತದೆ. ಬಿಳಿಯ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ಅಡಿಪದರ) ಮೇಲೆ ಕೆಂಪು ಬಳಿದರೆ ಇಣುಕುವುದು ಬಿಳಿ. ಕೆಂಪಿನಷ್ಟೇ ಕತ್ತಲೆಯುಳ್ಳ ಬೂದಿನ ಮೇಲೆ ಬಳಿದರೆ ಇಣುಕಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ.

ನಾಲ್ಕು ಲೀಟರ್ ನೀರಿನ ಪ್ರೈಮರ್ ತಂದಿದ್ದೆ. ಮೇಲಿನ ಬಿಳಿ ಪಟ್ಟಿಗೆ ಒಂದು ಲೀಟರ್ ತೆಗೆದಿಟ್ಟು, ಮೂರು ಲೀಟರಿಗೆ ಕಪ್ಪು ಸ್ಟೇನರ್ (ಬಣ್ಣ ಕೊಡಲು ಬೆರೆಸುವ ಕಡು ದ್ರವ) ಬೆರೆಸಿದೆ. ಹನಿ ಹನಿಯಾಗಿ, ಪ್ರತಿ ಸಲ ಎರಡು ನಿಮಿಷ ಕಲಕುತ್ತ. ಎಷ್ಟು ಬೂದು ಎಂದು ಕೇಳಿದರೆ: ಒಣ ವಿಭೂತಿಯಲ್ಲ, ನೀರು ಬಿದ್ದ ವಿಭೂತಿ. ಕೆಂಪು ಬಳಿದ ರಟ್ಟಿನ ಪಕ್ಕ ಬೂದು ಬಳಿದ ರಟ್ಟನ್ನು ಇಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಚಿತ್ರ ತೆಗೆದೆ. ಎರಡೂ ಒಂದೇ ಆಗಿ ಕಂಡಾಗ ನಿಲ್ಲಿಸಿದೆ. ಈ ಚಿತ್ರದ ಉಪಾಯ ಮಗಳದ್ದು, ನನಗೆ ಹೊಳೆದಿರಲಿಲ್ಲ.

ಮೂರು ಗೋಡೆ ಮುಗಿದು, ನಾಲ್ಕನೆಯ, ಅಡುಗೆಮನೆಯ ಕಡೆಯ 11 ಅಡಿ ಗೋಡೆಯ ಅರ್ಧಕ್ಕೆ ಬಂದಾಗ ಬೂದು ತೀರಿತು. ಭಾನುವಾರ ಸಂಜೆ. ಅಂಗಡಿ ಮುಚ್ಚಿತ್ತು, ಸೋಮವಾರದಿಂದ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಬಿಳಿಯ ಪಟ್ಟಿಗೆ ಬಳಸಿ ಉಳಿದಿದ್ದ ಪ್ರೈಮರನ್ನೇ ಉಳಿದ ಅರ್ಧಕ್ಕೆ ಬಳಿದುಬಿಟ್ಟೆ. ಒಂದು ಕೋಟು ಹೆಚ್ಚು ಬೇಕಾಗಬಹುದು, ಅಷ್ಟೇ ಎಂದುಕೊಂಡೆ.

ಗೆರೆ

ಮೇಲಿನ ಬಿಳಿ ಪಟ್ಟಿಗೂ ಕೆಂಪಿಗೂ ನಡುವಿನ ಗೆರೆಗಾಗಿ ಗೌಂಡಿಗಳಂತೆ ನೀರಿನ ಪೈಪು ಹಿಡಿದು ಮಟ್ಟ ತೆಗೆದು ದಾರ ಹೊಡೆದೆ. ದಾರದ ಗೆರೆ ನೋಡಿದರೆ ಓರೆ! ಗೆರೆ ನಿಜಕ್ಕೂ ಮಟ್ಟವಾಗಿಯೇ ಇತ್ತು. ಓರೆಯಾಗಿದ್ದದ್ದು ಜಂತಿ, ಈ ಮೂಲೆಯಿಂದ ಆ ಮೂಲೆಗೆ ಒಂದೂಕಾಲು ಇಂಚು ಇಳಿದಿದೆ. ಕಣ್ಣು ಗೆರೆಯನ್ನು ಹೋಲಿಸುವುದು ಜಂತಿಯೊಂದಿಗೆ, ನೀರಿನ ಪೈಪಿನೊಂದಿಗಲ್ಲ. ಅರ್ಧ ಇಳಿಜಾರನ್ನು ಗೆರೆಗೆ ಕೊಟ್ಟೆ. ಈಗ ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ. ಹಳೆಯ ಮನೆಗಳಲ್ಲಿ ಇದು ನೆನಪಿರಲಿ.

ಟೇಪು ಹಚ್ಚಿದ ಮೇಲೆ ಅದರ ಅಂಚಿಗೆ ಮೊದಲು ಬಿಳಿಯನ್ನೇ ಒಮ್ಮೆ ಬಳಿಯಬೇಕು. ಟೇಪಿನ ಅಡಿಯಲ್ಲಿ ನುಸುಳುವುದು ಬಿಳಿ, ಸಂದು ಮುಚ್ಚುತ್ತದೆ. ಆಮೇಲೆ ಬಳಿದ ಕೆಂಪಿಗೆ ನುಸುಳಲು ದಾರಿ ಇರುವುದಿಲ್ಲ. ಕೊನೆಯ ಕೋಟು ಪೂರ್ತಿ ಒಣಗುವ ಮುನ್ನ, ಟೇಪನ್ನು ಮಡಿಚಿದಂತೆ ಹಿಂದಕ್ಕೆ ಎಳೆಯಬೇಕು. ನಮ್ಮ ಗೆರೆ ಬ್ಲೇಡಿನಿಂದ ಕೊಯ್ದಂತೆ ಬಂತು.

ಮಾರ್ಚ್: ಕೆಂಪು

ಪೂರ್ತಿ ಮಂದವಾದ ಬಣ್ಣವಾದರೆ ಕೈ ತಾಗಿದಲ್ಲಿ, ಚೀಲ ಒರೆಸಿದಲ್ಲಿ ಹೊಳೆಯುವ ಕಲೆ ಬೀಳುತ್ತದೆ. ಪೂರ್ತಿ ಹೊಳಪಿನದಾದರೆ ಗೋಡೆಯ ಪ್ರತಿ ತಗ್ಗೂ ಕಾಣುತ್ತದೆ. ನಾನು ನಡುವಿನ ಸಣ್ಣ ಹೊಳಪನ್ನು ತಂದೆ. ಜನ ಓಡಾಡುವ ಕೋಣೆಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮೊದಲ ಕೋಟು ಒಂದೂವರೆ ಲೀಟರ್ ಕುಡಿಯಿತು. ನೋಡಲು ಭಯವಾಗುತ್ತದೆ. ಪಟ್ಟೆ ಪಟ್ಟೆ, ಕಸಾಯಿಖಾನೆಯ ಗೋಡೆಯಂತೆ. ಅವ್ವ ಬಂದು ಬಾಗಿಲಲ್ಲಿ ನಿಂತು ಏನೂ ಹೇಳದೆ ಹೋದಳು. ಗಾಢ ಬಣ್ಣದ ಮೊದಲ ಕೋಟು ಯಾರ ಮನೆಯಲ್ಲೂ ಹೀಗೆಯೇ ಇರುತ್ತದೆ. ಅದನ್ನು ನೋಡಿ ಮನಸ್ಸು ಬದಲಿಸಬೇಡಿ, ಮೇಲೆ ದಪ್ಪವಾಗಿ ಬಳಿಯಲೂ ಹೋಗಬೇಡಿ. ದಪ್ಪ ಬಳಿದರೆ ಇಳಿದು ಕಣ್ಣೀರಿನಂತೆ ಗಟ್ಟಿಯಾಗುತ್ತದೆ. ಗಾಢ ಬಣ್ಣದಲ್ಲಿ ಸ್ಟೇನರ್ ಪಾಲು ಹೆಚ್ಚಿರುವುದರಿಂದ ಒಣಗುವುದೂ ನಿಧಾನ. ಡಬ್ಬಿಯ ಮೇಲೆ ನಾಲ್ಕು ಗಂಟೆ ಎಂದಿತ್ತು; ನಾನು ಒಂದೊಂದು ಕೋಟಿಗೂ ಒಂದು ಇಡೀ ದಿನ ಬಿಟ್ಟೆ.

ರೋಲರನ್ನು ಮೇಲಿನಿಂದ ಕೆಳಗಿನ ತನಕ ಒಂದೇ ಸಲ ಎಳೆದು, ಪಕ್ಕದ ಪಟ್ಟಿಯನ್ನು ಹಿಂದಿನದರ ಅಂಚು ಹಸಿ ಇರುವಾಗಲೇ ಮೇಲೇರಿಸಬೇಕು. ಅಂಚು ಒಣಗಿದ ಮೇಲೆ ಏರಿಸಿದರೆ ಅಲ್ಲಿ ಎರಡು ಪದರವಾಗಿ ಕಡು ಗೆರೆ ಉಳಿಯುತ್ತದೆ. ಮಾರ್ಚ್‌ನಲ್ಲಿ ನಮ್ಮೂರಿನ ಗಾಳಿ ಒಣ. ಫ್ಯಾನ್ ಆರಿಸಿ, ಪಡಸಾಲೆಯ ಬಾಗಿಲು ಮುಂದೆ ಮಾಡಿ, ಒಂದು ಗೋಡೆ ಮುಗಿಯುವ ತನಕ ಚಹಾಕ್ಕೂ ನಿಲ್ಲದೆ ಎಳೆದೆ. ಮೂಲೆ ಮತ್ತು ಗೂಡಿನ ಅಂಚುಗಳಿಗೆ ಹೆಂಡತಿ ಮುಂದೆ ಮುಂದೆ ಬ್ರಷ್ ಹಿಡಿದು ಹೋದಳು, ಅವಳ ಹಿಂದೆ ನಾನು. ಇದು ಇಬ್ಬರ ಕೆಲಸ.

ಎರಡನೆಯ ಕೋಟಿಗೆ ಬೂದಿನ ಮೂರು ಗೋಡೆಗಳು ಮುಚ್ಚಿದವು. ಮೂರನೆಯದಕ್ಕೆ ಮಖಮಲ್ಲಿನಂತಾದವು. ನಾಲ್ಕನೆಯ ಗೋಡೆಯಲ್ಲಿ ಮಾತ್ರ, ಬೂದಿದ್ದ ಅರ್ಧಕ್ಕೂ ಬಿಳಿ ಇದ್ದ ಅರ್ಧಕ್ಕೂ ನಡುವೆ ನೇರ ಗಡಿ. ಎಡಗಡೆ ಕಡ್ಡಿ ಮೆಣಸಿನಕಾಯಿ, ಬಲಗಡೆ ಹಸಿ ಗಾಯದ ಗುಲಾಬಿ. ರೋಲರ್ ಓಡಿದ ದಾರಿ ಒಂದೊಂದೂ ಕಾಣುತ್ತಿತ್ತು. ಮೂರು ಕೋಟಿನ ನಂತರವೂ! ನಾಲ್ಕು ಲೀಟರ್ ಡಬ್ಬಿ ಅಷ್ಟಕ್ಕೆ ತೀರಿತು.

ಅದೇ ಅಂಗಡಿಯಿಂದ, ಅದೇ ಸಂಖ್ಯೆಯ ಬಣ್ಣ, ಒಂದು ಲೀಟರ್ ತಂದೆ. ಒಣಗಿದ ಗೋಡೆಯ ಮೂಲೆಯಲ್ಲಿ ಒಂದು ಬೆರಳು ಹಚ್ಚಿ ಒಣಗಿಸಿ ನೋಡಿದರೆ ಕೂದಲೆಳೆಯಷ್ಟು ವ್ಯತ್ಯಾಸ. ಯಂತ್ರ ಒಂದೇ ಆದರೂ ಒಂದು ಸಲ ಬೆರೆಸಿದ್ದಕ್ಕೂ ಇನ್ನೊಂದು ಸಲ ಬೆರೆಸಿದ್ದಕ್ಕೂ ಇಷ್ಟು ಅಂತರ ಬರುತ್ತದೆ. ಅದಕ್ಕಾಗಿಯೇ ಎರಡು ಡಬ್ಬಿ ತಂದರೆ ಮೊದಲೇ ಒಂದು ಬಕೆಟ್ಟಿನಲ್ಲಿ ಸೇರಿಸಿಕೊಳ್ಳಬೇಕು. ನನಗೆ ಆ ಅವಕಾಶ ಕಳೆದುಹೋಗಿತ್ತು. ತೇಪೆ ಹಾಕುವ ಬದಲು, ಬಿಳಿ ಅರ್ಧಕ್ಕೆ ಒಂದು ಕೋಟು ಹಚ್ಚಿ, ಆಮೇಲೆ ಇಡೀ ಗೋಡೆಯನ್ನು ಮೂಲೆಯಿಂದ ಮೂಲೆಗೆ ಮತ್ತೊಮ್ಮೆ ಬಳಿದೆ. ಮೂಲೆಯಲ್ಲಿ ಗೋಡೆ ತಿರುಗುವಾಗ ಬೆಳಕೂ ಬದಲಾಗುವುದರಿಂದ ವ್ಯತ್ಯಾಸ ಅಲ್ಲಿ ಅಡಗಿತು. ಉಳಿದ ಅರ್ಧ ಲೀಟರನ್ನು ಗಾಜಿನ ಭರಣಿಯಲ್ಲಿ ಹಾಕಿ, ಗೋಡೆಯ ಹೆಸರು ಬರೆದು ಅಟ್ಟದ ಮೇಲೆ ಇಟ್ಟಿದ್ದೇನೆ.

ಬೆಳಕು

ಬಣ್ಣ ಒಣಗಿತು, ಹಳೆಯ ಎಲ್‌ಇಡಿ ಬಲ್ಬನ್ನು ಮತ್ತೆ ಹಾಕಿದೆವು. ಎದೆ ಕುಸಿಯಿತು. ಗೋಡೆ ಒಣಗಿದ ರಕ್ತದ ಬಣ್ಣ, ಮನುಷ್ಯರ ಮುಖ ಬೂದು. ಅದು 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬಿಳಿ ಬಲ್ಬು. ಅದರ ಬೆಳಕಿನಲ್ಲಿ ನೀಲಿ ಹೆಚ್ಚು, ಕೆಂಪು ಕಡಿಮೆ. ದೀಪದಲ್ಲಿ ಇಲ್ಲದ ಕೆಂಪನ್ನು ಗೋಡೆ ಎಲ್ಲಿಂದ ತೋರಿಸಬೇಕು?

2700 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬು ತಂದೆ. ಅರ್ಧ ಸರಿಹೋಯಿತು. ಉಳಿದ ಅರ್ಧದ ಕಾರಣ ಬೇರೆ. ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಹೇಳುವ ಸಿಆರ್‌ಐ ಅಂಕ ಸಾಮಾನ್ಯವಾಗಿ ಎಂಟು ಮಾದರಿ ಬಣ್ಣಗಳ ಸರಾಸರಿ. ಆ ಎಂಟರಲ್ಲಿ ಗಾಢ ಕೆಂಪು ಇಲ್ಲವೇ ಇಲ್ಲ! ಅದು ಒಂಬತ್ತನೆಯದು, ಆರ್9 ಎಂದು ಬೇರೆಯಾಗಿ ಅಳೆಯುತ್ತಾರೆ. ಹಾಗಾಗಿ 80 ಅಂಕದ ಬಲ್ಬು ಕೂಡ ಕೆಂಪಿನಲ್ಲಿ ಸೋಲಬಹುದು. ಸಿಆರ್‌ಐ 90ಕ್ಕಿಂತ ಮೇಲಿದ್ದು ಆರ್9 ಅಂಕವನ್ನೂ ಬರೆದಿರುವ ಬಲ್ಬುಗಳನ್ನು ಹುಬ್ಬಳ್ಳಿಯಿಂದ ತರಿಸಿದೆ. ಹಾಕಿದ ಕ್ಷಣ ಗೋಡೆ ಉಸಿರಾಡಿದಂತಾಯಿತು.

ಗಾಢ ಗೋಡೆ ಬೆಳಕನ್ನು ನುಂಗುತ್ತದೆ ಎಂಬುದು ನಿಜ. ನಡುವೆ ತೂಗುವ ಒಂದೇ ಬಲ್ಬು ಇಲ್ಲಿ ಕೆಲಸಕ್ಕೆ ಬಾರದು. ಬೆಳಕು ಬೇಕಾದ ಜಾಗಕ್ಕೆ ಬೆಳಕನ್ನು ಒಯ್ಯಬೇಕು. ಮಗಳ ಮೇಜಿಗೆ ಒಂದು, ಊಟದ ಜಾಗದ ಮೇಲೆ ತಗ್ಗಾಗಿ ಒಂದು, ಅವ್ವ ಕೂಡುವ ಮೂಲೆಗೆ ಭುಜದ ಹಿಂದಿನಿಂದ ಬೀಳುವಂತೆ ಒಂದು. ಜಂತಿಯ ಕೆಳಗಿನ ಬಿಳಿ ಪಟ್ಟಿ ಬೆಳಕನ್ನು ಕೆಳಕ್ಕೆ ತಳ್ಳುತ್ತದೆ. ಅದನ್ನೂ ಕೆಂಪು ಮಾಡಿದ್ದರೆ ಕೋಣೆ ಗವಿಯಾಗುತ್ತಿತ್ತು. ಮೊದಲ ಸಂಜೆ ಅವ್ವ ಕೌದಿಯ ಬಟ್ಟೆ ಮಡಿಲಲ್ಲಿ ಹರವಿಕೊಂಡು ಕೂತಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದಳು. ಎರಡನೆಯ ಸಲಕ್ಕೆ ದಾರ ದಾಟಿತು.

ಸಂಜೆ ದೀಪ ಹಚ್ಚುವ ಮುನ್ನ ಹತ್ತು ನಿಮಿಷ ಈ ಗೋಡೆಗಳು ಪೂರ್ತಿ ಕಪ್ಪಾಗುತ್ತವೆ, ಮೊದಲು ಪಕ್ಕದಲ್ಲಿದ್ದ ಹಸಿರು ಕಪಾಟು ಮಾತ್ರ ಆಗ ಬೆಳ್ಳಗೆ ತೇಲುತ್ತಿತ್ತು. ಬೆಳಕು ಕುಗ್ಗಿದಾಗ ನಮ್ಮ ಕಣ್ಣಿಗೆ ಮೊದಲು ಆರುವುದು ಕೆಂಪು. ಹಸಿರು ನೀಲಿಗಳು ಆಮೇಲೆ. 19ನೇ ಶತಮಾನದ ಆರಂಭದಲ್ಲಿ ಇದನ್ನು ಗಮನಿಸಿ ಬರೆದ ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆಯ ಹೆಸರನ್ನೇ ಈ ಗುಣಕ್ಕೆ ಇಟ್ಟಿದ್ದಾರೆ. ಆ ಕಬ್ಬಿಣದ ಕಪಾಟು ಕೆಂಪಿನ ಪಕ್ಕ ಹಗಲೂ ಕಣ್ಣು ಚುಚ್ಚುತ್ತಿತ್ತು. ಅದನ್ನು ಪಡಸಾಲೆಗೆ ಸಾಗಿಸಿ, ಅದರ ಜಾಗಕ್ಕೆ ಅಜ್ಜನ ಸಾಗವಾನಿ ಪೆಟ್ಟಿಗೆ ಇಟ್ಟೆವು. ಹಳೆಯ ಮರ, ಹಿತ್ತಾಳೆ, ತೊಳೆದ ಹತ್ತಿಬಟ್ಟೆಯ ಕೆನೆ ಬಣ್ಣ ಈ ಕೆಂಪಿಗೆ ಒಪ್ಪುತ್ತವೆ. ಸ್ಟೀಲು ಒಪ್ಪುವುದಿಲ್ಲ. ಎರಡು ಗೂಡುಗಳ ಒಳಗನ್ನೂ ಕೆಂಪೇ ಮಾಡಿದ್ದೇವೆ. ಒಂದರಲ್ಲಿ ಹಿತ್ತಾಳೆಯ ಸಮೆ ಹಚ್ಚಿದಾಗ ಗೂಡು ಒಲೆಯ ಬಾಯಿಯಂತೆ ಬೆಳಗುತ್ತದೆ.

ಕೆಳಗಿನ ಒಂದಡಿ

ಯುಗಾದಿಗೆ ನಾಲ್ಕು ದಿನ ಇತ್ತು. ಉಸಿರಾಡಲೆಂದು ಬಿಟ್ಟ ಕೆಳಗಿನ ಪಟ್ಟಿ ಇನ್ನೂ ಬರಿಯ ಗಚ್ಚಾಗಿತ್ತು. ಸುಣ್ಣದಲ್ಲಿ ಕೆಂಪು ಬೆರೆಸಿದರೆ ತಿಳಿಯಾಗಿಬಿಡುತ್ತದೆ ಎಂದು ನಾನು ಯೋಚಿಸುತ್ತಿದ್ದಾಗ ಅವ್ವ, "ಅದನ್ನು ನನಗೆ ಬಿಡು" ಎಂದಳು.

ಕೆಮ್ಮಣ್ಣನ್ನು ರಾತ್ರಿಯೇ ನೆನೆಹಾಕಿ, ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದಿನ ನೀರು ಕೂಡಿಸಿದಳು. ಹಳೆಯ ಸೀರೆಯ ಚೂರನ್ನು ಮುಷ್ಟಿಯಷ್ಟು ಮುದ್ದೆ ಮಾಡಿ ಅದ್ದಿ, ನೆಲದ ಮೇಲೆ ಕೂತು, ಎಡದಿಂದ ಬಲಕ್ಕೆ ಒಂದೇ ಬೀಸಿನಲ್ಲಿ ಎಳೆದಳು. ಟೇಪಿಲ್ಲ, ದಾರವಿಲ್ಲ. ಹಸಿ ಇರುವಾಗ ಕಡು ಕಂದು, ಒಣಗುತ್ತ ಮೇಲಿನ ಕೆಂಪಿಗಿಂತ ಒಂದು ಛಾಯೆ ತಿಳಿ, ಪೂರ್ತಿ ಮಂದ. ಅದು ಒಣಗಿದ ಮೇಲೆ, ಕೆಂಪಿಗೂ ಕೆಮ್ಮಣ್ಣಿಗೂ ನಡುವೆ ಸುಣ್ಣದಲ್ಲಿ ಅದ್ದಿದ ಹೆಬ್ಬೆರಳಿನಿಂದ ಒಂದು ಸಾಲು ಚುಕ್ಕೆ ಇಟ್ಟುಕೊಂಡು ಹೋದಳು. ಮನೆಗೆ ಸಾರಣೆ ಕಾರಣೆ ಮಾಡುತ್ತಿದ್ದ ದಿನಗಳ ಕೈ ಅದು. ನಲವತ್ತೊಂದು ಅಡಿ ಸುತ್ತಳತೆಯಲ್ಲಿ ಚುಕ್ಕೆಗಳ ನಡುವಿನ ಅಂತರ ಎಲ್ಲಿಯೂ ತಪ್ಪಲಿಲ್ಲ.

ಕೆಮ್ಮಣ್ಣು ಒರಗಿದರೆ ಬಟ್ಟೆಗೆ ಹತ್ತುತ್ತದೆ, ಪ್ರತಿ ದೀಪಾವಳಿಗೆ ಮತ್ತೆ ಬಳಿಯಬೇಕು. ಪಶ್ಚಿಮದ ಗೋಡೆಯಲ್ಲಿ ಉಪ್ಪು ಮತ್ತೆ ಅರಳಿದರೆ ಮೊದಲು ಗೊತ್ತಾಗುವುದೂ ಅಲ್ಲೇ. ಮಳೆಗಾಲ ಮುಗಿದ ಮೇಲೆ ನೋಡಿ ಬರೆಯುತ್ತೇನೆ. ಮಗಳು ಈಗಲೇ ಅಜ್ಜಿಯ ಪಕ್ಕ ಕೂತು ಕೊನೆಯ ಮೂಲೆಯಲ್ಲಿ ಏಳು ಚುಕ್ಕೆ ಇಟ್ಟಿದ್ದಾಳೆ. ಅವು ತುಸು ದೊಡ್ಡವು, ಸ್ವಲ್ಪ ಮೇಲಕ್ಕೆ ಏರಿವೆ. ಹಾಗೆಯೇ ಬಿಟ್ಟಿದ್ದೇವೆ.